ನಿಂತಂತೆ ಕಾಣುವ ಕಾರುಗಳು

ಫೆಬ್ರವರಿ ೩

ನಿದ್ದೆರಾಯನಿಗೆ,

ಏಳು ವರ್ಷ ಒಂದು ಸಾಲು ಬರೆಯದ ಚಿಕ್ಕಮ್ಮ ಈಗ ಕಾಗದ ಬರೆದಿದ್ದಾಳೆಂದರೆ ಯಾರೋ ಹೋಗಿಬಿಟ್ಟಿರಬೇಕು ಎಂದು ನೀನು ಎದೆ ಹಿಡಿದುಕೊಳ್ಳುವ ಮೊದಲೇ ಹೇಳುತ್ತೇನೆ. ಯಾರೂ ಹೋಗಿಲ್ಲ. ನನಗೊಂದು ಕ್ಯಾಮೆರಾ ಬೇಕು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ವಾಕ್ಯಕ್ಕೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ಪ್ರತಿ ಬೈಗುಳಕ್ಕೂ ಸ್ಟಾಂಪು ಹಚ್ಚಬೇಕು. ಅಂಟು ಒಣಗುವಷ್ಟರಲ್ಲಿ ಅರ್ಧ ಕೋಪ ಇಳಿದಿರುತ್ತದೆ.

ವೇಗವಾಗಿ ಓಡುವ ಕಾರಿನ ಫೋಟೋ ತೆಗೆಯಲು ಯಾವ ಡಿಜಿಟಲ್ ಕ್ಯಾಮೆರಾ ಆಗುತ್ತದೆ? ನೀನು ಕ್ಯಾಮೆರಾ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು, ರಜೆಯ ದಿನ ರೇಸಿನ ಕಾರುಗಳ ಹಿಂದೆ ಬೀಳುವವನು. ನಮ್ಮ ವಂಶದಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಿರುವ ಪ್ರಾಣಿ ನೀನೊಬ್ಬನೇ. ಯಾಕೆ ಎಂದು ಮಾತ್ರ ಕೇಳಬೇಡ.

ಸ್ಟುಡಿಯೋದಲ್ಲಿರುವುದು ಅದೇ ಪುಟ್ಟ ಪಾಸ್‌ಪೋರ್ಟ್ ಫೋಟೋ ಕ್ಯಾಮೆರಾ. ಮೂವತ್ತೆಂಟು ವರ್ಷ ನಾನು ಜನರನ್ನು ಸ್ಟೂಲಿನ ಮೇಲೆ ಕೂರಿಸಿ, ದಾರ ಕಟ್ಟಿದ ಬಾಚಣಿಗೆ ಕೈಗೆ ಕೊಟ್ಟು, ‘ಗದ್ದ ಸ್ವಲ್ಪ ಕೆಳಗೆ, ಅಲುಗಾಡಬೇಡಿ’ ಎಂದವಳು. ಸ್ಟೂಲಿನ ಮೇಲೆ ಕೂತವರು ಕೇಳುತ್ತಾರೆ, ಕಾರುಗಳು ಕೇಳುವುದಿಲ್ಲ. ಬಾಗಿಲೆದುರಿನ ತಿರುವಿಗೆ ಮುಖ ಮಾಡಿ ಗುಂಡಿ ಒತ್ತುತ್ತೇನೆ. ಕ್ಯಾಮೆರಾ ಮೊದಲು ಯೋಚನೆ ಮಾಡುತ್ತದೆ. ಆಮೇಲೆ ‘ಕ್ಲಿಕ್’ ಎನ್ನುತ್ತದೆ. ಅಷ್ಟರಲ್ಲಿ ಕಾರು ಬಸ್ ನಿಲ್ದಾಣ ದಾಟಿ ಹೋಗಿರುತ್ತದೆ. ಈ ವಾರದ ನನ್ನ ಸಾಧನೆ ಖಾಲಿ ರಸ್ತೆಯ ನಲವತ್ತೊಂದು ಫೋಟೋ. ನಂಬದಿದ್ದರೆ ಒಂದನ್ನು ಇದರ ಜೊತೆಗೇ ಇಟ್ಟಿದ್ದೇನೆ, ನೋಡಿಕೋ.

ನನಗೆ ಬೇಕಾದದ್ದು ಇಷ್ಟೇ. ಕಾರು ಇಡಿಯಾಗಿ ಬರಬೇಕು. ನಂಬರ್ ಪ್ಲೇಟು ಓದಲು ಬರಬೇಕು. ರಸ್ತೆ ದಾಟುವ ಬಿಳಿ ಪಟ್ಟೆಯೂ ಅದರಾಚೆ ನಿಮ್ಮಮ್ಮನ ಮನೆಯ ಗೇಟೂ ಕಾಣಬೇಕು.

ಇತಿ,
ನಿನ್ನ ಚಿಕ್ಕಮ್ಮ

---

ಫೆಬ್ರವರಿ ೧೧

ಸ್ಟುಡಿಯೋ ಮಾಲೀಕರಾದ ಚಿಕ್ಕಮ್ಮನವರ ಸನ್ನಿಧಾನಕ್ಕೆ,

ಕಾಗದ ಬಂದಾಗ ಎದುರಿಗೆ ಗಿರಾಕಿ ನಿಂತಿದ್ದರು. ನಾನು ಕುಳಿತುಬಿಟ್ಟೆ. ಗಿರಾಕಿ ನಿಂತಿರುವಾಗ ಕೂರುವುದು ನಮ್ಮ ಅಂಗಡಿಯಲ್ಲಿ ಮಹಾಪರಾಧ, ಅದು ನಿನ್ನ ಲೆಕ್ಕಕ್ಕೆ.

ಓಡುವ ಕಾರಿನ ಫೋಟೋ ಯಾರಿಗೆ ಬೇಕಂತೆ? ಏಳು ವರ್ಷದ ಹಿಂದೆ ಒಬ್ಬ ಗಿರಾಕಿ ಹೊಸ ಕೆಂಪು ಕಾರಿನ ಫೋಟೋ ಕೇಳಿದ. ನಾನು ಅದನ್ನು ಓಡಿಸಿ ತೆಗೆದೆ. ಕಾರು ನಿಚ್ಚಳ, ಹಿಂದಿನ ಬೀದಿಯೆಲ್ಲ ಗಾಳಿಗೆ ಸಿಕ್ಕ ಬಣ್ಣದಂತೆ ಗೀರುಗೀರು. ನನ್ನ ಜನ್ಮದಲ್ಲಿ ಮೊದಲ ಸಲ ಅಂದುಕೊಂಡ ಹಾಗೆ ಬಂದ ಫೋಟೋ. ‘ಅಲುಗಿದ ಫೋಟೋ ನನ್ನ ಸ್ಟುಡಿಯೋದಿಂದ ಹೊರಗೆ ಹೋಗಲ್ಲ’ ಎಂದು ಗಿರಾಕಿಯ ಎದುರಿಗೇ ನೀನು ನಾಲ್ಕು ತುಂಡು ಮಾಡಿದೆ. ‘ಹಾಗಾದ್ರೆ ನಾನು ಹೋಗ್ತೀನಿ’ ಎಂದು ನಾನು ಹೋದೆ. ಇಬ್ಬರೂ ಕೊಟ್ಟ ಮಾತು ಉಳಿಸಿಕೊಂಡಿದ್ದೇವೆ.

ಇರಲಿ, ಗಿರಾಕಿ ಗಿರಾಕಿಯೇ. ನಿನ್ನ ಪುಟ್ಟ ಕ್ಯಾಮೆರಾ ಕುಂತು ಯೋಚಿಸುವ ಜಾತಿಯದು. ನಿನಗೆ ಬೇಕಾದದ್ದು ಯೋಚಿಸದೆ ಮಾಡುವ ಜಾತಿ. ಗುಂಡಿ ಒತ್ತಿದ ಕ್ಷಣಕ್ಕೆ ಹಿಡಿಯಬೇಕು. ಬರುತ್ತಿರುವ ಕಾರನ್ನು ಬಿಡದೆ ಹಿಂಬಾಲಿಸಿ ಫೋಕಸ್ ಮಾಡಬೇಕು. ಒತ್ತಿ ಹಿಡಿದರೆ ಸೆಕೆಂಡಿಗೆ ಹತ್ತು ಚಿತ್ರವಾದರೂ ಬರಬೇಕು, ಬಂದದ್ದನ್ನು ನುಂಗಿಕೊಳ್ಳಲು ಒಳಗೆ ಜಾಗವಿರಬೇಕು. ದೂರದ್ದನ್ನು ಹತ್ತಿರ ತರುವ ಲೆನ್ಸ್ ಬೇಕು, ಅದೂ ಚುರುಕಾಗಿರಬೇಕು. ಎಷ್ಟು ಮೆಗಾಪಿಕ್ಸೆಲ್ ಎಂದು ಎಲ್ಲರೂ ಕೇಳುತ್ತಾರೆ, ನೀನು ಕೇಳಬೇಡ. ಸದ್ದಿಲ್ಲದ ಶಟರ್ ಇದೆ ಎಂದು ಯಾರಾದರೂ ಹೊಗಳಿದರೆ ನಂಬಬೇಡ. ಅಗ್ಗದ ಕ್ಯಾಮೆರಾಗಳಲ್ಲಿ ಆ ಶಟರು ಓಡುವ ಕಾರನ್ನು ಓರೆ ಮಾಡುತ್ತದೆ, ಕಾರು ಬಾಗಿ ಯಾರ ಕಾಲಿಗೋ ಬೀಳುತ್ತಿರುವಂತೆ ಕಾಣುತ್ತದೆ.

ಈಗ ನನ್ನ ಪ್ರಶ್ನೆ. ಖಾಲಿ ರಸ್ತೆಯ ಫೋಟೋ ಎಂದೆಯಲ್ಲ, ಅದು ಖಾಲಿಯಿಲ್ಲ. ಅಂಗಡಿಯ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಎದುರು ಮನೆಯ ಎರಡನೇ ಮಹಡಿಯ ಕಿಟಕಿಯಲ್ಲಿ ಅಮ್ಮ ಕೂತಿದ್ದಾಳೆ. ಹಿಂದಿನ ಗಡಿಯಾರದಲ್ಲಿ ನಾಲ್ಕೂ ಹತ್ತು. ನಾಲ್ಕು ಗಂಟೆಗೆ ಅವಳು ಯಾವತ್ತೂ ನಿನ್ನ ಸ್ಟುಡಿಯೋದಲ್ಲಿ ಟೀ ಕುಡಿಯುತ್ತಾ ನಿನ್ನ ಲೈಟು ಸರಿಯಿಲ್ಲ ಎನ್ನುತ್ತಿರಬೇಕು. ಕಿಟಕಿಯ ಸರಳಿಗೆ ಒರಗಿಸಿದ ಊರುಗೋಲು ಯಾರದು?

ಉತ್ತರಕ್ಕೆ ಕಾಯುವ,
ನಿದ್ದೆರಾಯ

---

ಫೆಬ್ರವರಿ ೧೯

ನಿದ್ದೆರಾಯ,

ಚಿಕ್ಕಂದಿನಲ್ಲಿ ಪ್ರತಿ ಫೋಟೋದಲ್ಲೂ ಕಣ್ಣು ಮುಚ್ಚುತ್ತಿದ್ದ ಹುಡುಗ ಈಗ ಬೇಡದ ಹೊತ್ತಿನಲ್ಲಿ ಕಣ್ಣು ತೆರೆದಿದ್ದೀಯ.

ಊರುಗೋಲು ನಿಮ್ಮಮ್ಮನದೇ. ನವೆಂಬರಿನಲ್ಲಿ, ನಾಲ್ಕು ಗಂಟೆಗೆ, ಬಿಳಿ ಪಟ್ಟೆಯ ಮೇಲೇ ಒಂದು ಕಾರು ಬಂದು ತಾಗಿತು. ಮೊಣಕಾಲು. ಆಪರೇಷನ್ ಆಯಿತು, ನಡೆಯುತ್ತಾಳೆ, ಜೀವಕ್ಕೇನೂ ಆಗಿಲ್ಲ. ‘ಅವನಿಗೆ ಹೇಳ್ಬೇಡ ಕಣೆ, ಕೆಲಸ ಬಿಟ್ಟು ಓಡಿ ಬಂದು ನನ್ ತಲೆ ತಿಂತಾನೆ’ ಎಂದು ಆಸ್ಪತ್ರೆಯ ಮಂಚದಲ್ಲೇ ನನ್ನಿಂದ ಆಣೆ ಹಾಕಿಸಿಕೊಂಡಳು. ಹೇಳಿದ್ದು ನಾನಲ್ಲ, ಫೋಟೋ. ಆಣೆ ಮುರಿದಿಲ್ಲ.

ಕಾರಿನವನು ನಿಲ್ಲಲಿಲ್ಲ. ನಂಬರ್ ಯಾರೂ ನೋಡಲಿಲ್ಲ. ತಿರುವಿನಲ್ಲಿ ವೇಗ ತಡೆಯುವ ಉಬ್ಬು ಹಾಕಿ ಎಂದು ನಾನು ರಸ್ತೆ ಕಚೇರಿಗೆ ಅರ್ಜಿ ಕೊಟ್ಟೆ. ಅವರು ವೇಗದ ಸಮೀಕ್ಷೆಗೆ ಒಬ್ಬನನ್ನು ಕಳಿಸಿದರು. ಮೈತುಂಬ ಮಿರಿಮಿರಿ ಮಿನುಗುವ ಹಳದಿ ಜಾಕೆಟ್ಟು, ಕೈಯಲ್ಲಿ ಯಂತ್ರ, ನಡು ಫುಟ್‌ಪಾತಿನಲ್ಲಿ ದೀಪಸ್ತಂಭದ ಹಾಗೆ ನಿಂತ. ಅವನನ್ನು ಕಂಡ ಕಾರುಗಳೆಲ್ಲ ಹೊಸ ಅಳಿಯಂದಿರ ಹಾಗೆ ಮೆಲ್ಲಗೆ ಬಂದವು. ಸರಾಸರಿ ವೇಗ ಇಪ್ಪತ್ತೆಂಟು ಕಿಲೋಮೀಟರ್ ಎಂದು ಬರೆದುಕೊಂಡು ಹೋದ. ಅವನು ಜಾಕೆಟ್ ಬಿಚ್ಚಿ ಮಡಿಸುವಷ್ಟರಲ್ಲಿ ಮೊದಲನೆಯದು ಜುಯ್ಯೆಂದು ಹೋಯಿತು.

ಉಬ್ಬು ಬೇಡವೆಂದಷ್ಟೇ ಬರೆದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ವರದಿಯ ಕೊನೆಗೆ ಒಂದು ಸಾಲು ಸೇರಿಸಿದ್ದಾರೆ: ‘ಅಪಘಾತಕ್ಕೆ ಕಾರಣ: ಪಾದಚಾರಿಯ ಅಜಾಗರೂಕತೆ.’ ನಿಮ್ಮಮ್ಮ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಎರಡು ಮಹಡಿ ಹತ್ತಿ ವಾಪಸ್ಸು ಹೋಗುವ ಹೆಂಗಸು ಅಜಾಗರೂಕಳಂತೆ.

ಅಂದಿನಿಂದ ಅವಳು ರಸ್ತೆ ದಾಟಿಲ್ಲ. ನಾಲ್ಕು ಗಂಟೆಗೆ ಅವಳು ಆ ಕಿಟಕಿಯಲ್ಲಿ ಲೋಟ ಎತ್ತುತ್ತಾಳೆ, ನಾನು ಈ ಬಾಗಿಲಲ್ಲಿ ಲೋಟ ಎತ್ತುತ್ತೇನೆ. ನಡುವೆ ಕಾರುಗಳು.

ಆ ಸಾಲು ಹೊಡೆದುಹಾಕಿಸದೆ ನಾನು ಬಿಡುವುದಿಲ್ಲ. ಕ್ಯಾಮೆರಾ ಹೇಳು.

ಚಿಕ್ಕಮ್ಮ

---

ಮಾರ್ಚ್ ೧

ಚಿಕ್ಕಮ್ಮ,

ಅಮ್ಮನಿಗೆ ಫೋನ್ ಮಾಡಿದೆ. ‘ಕಾಲು ಹೇಗಿದೆ?’ ಎಂದೆ. ‘ಯಾರ ಕಾಲು?’ ಎಂದಳು. ‘ನಿನ್ನ ಕಾಲು.’ ‘ಎರಡೂ ಇದೆ, ನೀನು ಊಟ ಮಾಡಿದ್ಯಾ?’ ಬರುತ್ತೇನೆ ಎಂದದ್ದಕ್ಕೆ, ‘ಬಂದು ಏನ್ ಮಾಡ್ತೀಯ, ರಸ್ತೆಗೆ ಅಡ್ಡ ಮಲಗ್ತೀಯಾ? ಕರೆದಾಗ ಬಾ’ ಎಂದು ಇಟ್ಟಳು.

ನಾನು ಬರುವ ಬದಲು ಪಾರ್ಸೆಲ್ ಬರುತ್ತಿದೆ. ಅದರಲ್ಲಿರುವುದು ನಾನು ರೇಸಿಗೆ ಒಯ್ಯುವ ನನ್ನದೇ ಕ್ಯಾಮೆರಾ, ನನ್ನದೇ ಲೆನ್ಸು. ಬೇಡ ಎಂದು ವಾಪಸ್ ಕಳಿಸಿದರೆ ಮತ್ತೆ ಏಳು ವರ್ಷ.

ಫೋಟೋದಲ್ಲಿ ವೇಗ ಕಾಣಬೇಕೆಂದರೆ ಶಟರ್ ನಿಧಾನವಿರಲಿ, ಒಂದು ಸೆಕೆಂಡಿನ ಅರವತ್ತನೇ ಒಂದು ಭಾಗ. ಕಾರಿನ ಜೊತೆ ಸೊಂಟದಿಂದ ಮೇಲೆ ನೀನೂ ತಿರುಗುತ್ತಾ ಗುಂಡಿ ಒತ್ತು. ಹಿನ್ನೆಲೆ ಅಲುಗಿದಷ್ಟೂ ಕಾರು ಓಡುತ್ತದೆ. ನಿನಗೆ ಇದು ಇಷ್ಟವಾಗುವುದಿಲ್ಲ ಎಂದು ಗೊತ್ತು. ಆದರೂ ಬರೆದಿದ್ದೇನೆ.

ನಿದ್ದೆರಾಯ

---

ಮಾರ್ಚ್ ೨೪

ನಿದ್ದೆರಾಯನಿಗೆ,

ಕ್ಯಾಮೆರಾ ತಲುಪಿತು. ತೂಕ ನೋಡಿ ಕಾರೇ ಕಳಿಸಿದ್ದೀಯೇನೋ ಅಂದುಕೊಂಡೆ.

ನೀನು ಹೇಳಿದಂತೆ ಸೊಂಟ ತಿರುಗಿಸಿದೆ. ಮೊದಲ ದಿನ ಕಾರೂ ಅಲುಗಿತು, ರಸ್ತೆಯೂ ಅಲುಗಿತು, ಸೊಂಟ ಮಾತ್ರ ಹಿಡಿದುಕೊಂಡು ನಿಂತಿತು. ನಾಲ್ಕನೇ ದಿನ ಒಂದು ಸರಿಯಾಗಿ ಬಂತು. ಆದರೆ ನಿಮ್ಮಮ್ಮನ ಗೇಟು ಬೂದು ಗೀರಾಗಿತ್ತು, ಬಿಳಿ ಪಟ್ಟೆ ಚೆಲ್ಲಿದ ಹಾಲಾಗಿತ್ತು. ಇದನ್ನು ಕಚೇರಿಗೆ ಕೊಟ್ಟರೆ ‘ಇದು ಯಾವ ಊರಮ್ಮಾ?’ ಎನ್ನುತ್ತಾರೆ.

ಆದ್ದರಿಂದ ನಿನ್ನ ಮಾತು ಬದಿಗಿಟ್ಟು, ನನ್ನ ಮೂವತ್ತೆಂಟು ವರ್ಷದ ಮಾತನ್ನೇ ಕ್ಯಾಮೆರಾಗೆ ಹೇಳಿದೆ: ಅಲುಗಾಡಬೇಡ. ಶಟರನ್ನು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗಕ್ಕೆ ಏರಿಸಿದೆ. ಏನು ಹೇಳಲಿ, ಕಾರಿನ ಚಕ್ರದ ಕಡ್ಡಿ ಎಣಿಸಬಹುದು. ನಂಬರ್ ಪ್ಲೇಟಿನ ಮೊಳೆ ಕಾಣುತ್ತದೆ. ಗೇಟಿನ ತುಕ್ಕು ಕಾಣುತ್ತದೆ. ಓಡಿಸುವವನ ಮೀಸೆ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ, ಅದೂ ಕಾಣುತ್ತದೆ. ನನ್ನ ಜನ್ಮದಲ್ಲಿ ಇಷ್ಟು ಚೊಕ್ಕ ಫೋಟೋ ತೆಗೆದಿಲ್ಲ.

ಹದಿನೆಂಟನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಒಂದೊಂದರ ಕೆಳಗೂ ದಿನಾಂಕ, ಹೊತ್ತು, ‘ವಾಹನ ಇಲ್ಲಿತ್ತು’ ಎಂದು ಒಂದು ಸಾಲು ಬರೆದು, ಇಂದು ಕಚೇರಿಗೆ ಕೊಟ್ಟು ಬಂದೆ. ಆ ವರದಿಗೆ ಸಹಿ ಹಾಕಿದ ಎಂಜಿನಿಯರ್ ಇನ್ನು ಎಲ್ಲಿಗೆ ಓಡುತ್ತಾನೆ ನೋಡೋಣ.

ಇತಿ, ವಿಜಯದ ಹೊಸ್ತಿಲಲ್ಲಿರುವ,
ಚಿಕ್ಕಮ್ಮ

---

ಏಪ್ರಿಲ್ ೧೬

ನಿದ್ದೆರಾಯ,

ಕಚೇರಿಯ ಉತ್ತರ ಬಂದಿದೆ. ಯಥಾವತ್ತಾಗಿ ಇಳಿಸುತ್ತೇನೆ, ನಿಂತಿದ್ದರೆ ಕುಳಿತುಕೋ.

‘ತಾವು ಸಲ್ಲಿಸಿದ ಛಾಯಾಚಿತ್ರಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಸದರಿ ವಾಹನಗಳು ಪಾದಚಾರಿ ಪಟ್ಟೆಯ ಮೇಲೆ ನಿಂತಿರುವುದು ಸ್ಪಷ್ಟವಾಗಿ ಕಂಡುಬರುತ್ತದೆ. ಚಾಲಕರು ಒಳಗೇ ಕುಳಿತು ವಿಶ್ರಮಿಸುತ್ತಿದ್ದಾರೆ. ವೇಗಕ್ಕೆ ಸಂಬಂಧಿಸಿದ ಅಂಶ ಯಾವುದೂ ಇಲ್ಲದ ಕಾರಣ ಅರ್ಜಿಯನ್ನು ಪಾರ್ಕಿಂಗ್ ವಿಭಾಗಕ್ಕೆ ವರ್ಗಾಯಿಸಿದೆ.’

ವಿಶ್ರಮಿಸುತ್ತಿದ್ದಾರಂತೆ.

ತಪ್ಪು ನನ್ನದೇ. ಎಲ್ಲರನ್ನೂ ಅಲುಗದಂತೆ ಕೂರಿಸಿ ಕೂರಿಸಿ ಕೈ ಎಷ್ಟು ಪಳಗಿದೆಯೆಂದರೆ, ಹಾರುವ ಕಾರನ್ನೂ ಸ್ಟೂಲಿನ ಮೇಲೆ ಕೂರಿಸಿಬಿಟ್ಟಿದ್ದೇನೆ. ನಿಮ್ಮಮ್ಮ ಕಿಟಕಿಯಿಂದ ಕೈಸನ್ನೆಯಲ್ಲಿ ಏನಾಯಿತು ಎಂದು ಕೇಳಿದಳು. ನಾನು ತಲೆ ಅಲ್ಲಾಡಿಸಿದೆ. ಅವಳು ಪರದೆ ಎಳೆದಳು.

ನಗಬೇಡ. ನಕ್ಕರೂ ಬರೆಯಬೇಡ.

ಚಿಕ್ಕಮ್ಮ

---

ಏಪ್ರಿಲ್ ೨೩

ಚಿಕ್ಕಮ್ಮ,

ಬರೆಯುವುದಿಲ್ಲ.

ಅರವತ್ತನೇ ಒಂದು ಭಾಗ. ಸೊಂಟದಿಂದ. ಗೇಟು ಹಾಳಾದರೂ ಪರವಾಗಿಲ್ಲ.

ನಿದ್ದೆರಾಯ

---

ಮೇ ೪

ನಿದ್ದೆರಾಯನಿಗೆ,

ನಿನ್ನ ಅರವತ್ತನೇ ಒಂದು ಭಾಗ ನಿನ್ನ ಹತ್ತಿರವೇ ಇರಲಿ. ಕಥೆ ಬೇರೆಯಾಗಿದೆ.

ಮೊನ್ನೆ ಬೆಳಗ್ಗೆ ಒಬ್ಬರು ಕೈಯಲ್ಲಿ ಕಾಗದ ಆಡಿಸುತ್ತಾ ಸ್ಟುಡಿಯೋಗೆ ನುಗ್ಗಿದರು. ಮೀಸೆ ನೋಡಿದ ತಕ್ಷಣ ಗುರುತಾಯಿತು, ಒಂದು ಕಡೆ ಉದ್ದ. ಹಲ್ಲಿನ ಡಾಕ್ಟರಂತೆ.

‘ಈ ಫೋಟೋ ತೆಗೆದಿದ್ದು ನೀವೇ ಏನ್ರೀ?’

‘ಹೌದು. ಚೆನ್ನಾಗಿ ಬಂದಿದೀರ.’

‘ಪಟ್ಟೆ ಮೇಲೆ ಕಾರು ನಿಲ್ಲಿಸಿದ್ದೆ ಅಂತ ಪಾರ್ಕಿಂಗ್‌ನೋರು ದಂಡದ ನೋಟಿಸ್ ಕಳಿಸಿದಾರೆ. ನಾನು ನಿಲ್ಲಿಸ್ತೀನಾ? ಈ ರಸ್ತೇಲಿ ನಾನು ಇವತ್ತಿನ ತನಕ ಬ್ರೇಕೇ ಮುಟ್ಟಿಲ್ಲ ಕಣ್ರೀ.’

ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ‘ನಾನು ನಿಲ್ಲಿಸಿದ್ರಿ ಅಂತ ಬರೆದಿಲ್ಲ, ಇಲ್ಲಿತ್ತು ಅಂತ ಬರೆದಿದೀನಿ. ಎಷ್ಟರಲ್ಲಿ ಹೋಗ್ತಿದ್ರಿ?’

‘ಎಪ್ಪತ್ತು. ಎಪ್ಪತ್ತೈದೂ ಇರಬಹುದು. ಕಾರಿನೊಳಗೆ ಯಂತ್ರ ಇದೆ, ಎಲ್ಲಾ ದಾಖಲಾಗಿರುತ್ತೆ. ಬೇಕಾದ್ರೆ ತೋರಿಸ್ತೀನಿ.’

‘ನನಗ್ಯಾಕೆ ತೋರಿಸ್ತೀರ, ಅವರಿಗೆ ತೋರಿಸಿ. ಆಕ್ಷೇಪಣೆ ಬರೆದು ಕೊಡಿ. ಪೆನ್ನು ಇಲ್ಲಿದೆ.’

ಬರೆದರು, ಮಾರಾಯ. ನನ್ನ ಕೌಂಟರಿನ ಮೇಲೆ, ನನ್ನ ಪೆನ್ನಿನಲ್ಲಿ: ‘ನಾನು ಸದರಿ ಸ್ಥಳದಲ್ಲಿ ಕನಿಷ್ಠ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದ್ದೆನೆಂದು ದೃಢೀಕರಿಸುತ್ತೇನೆ.’ ದಂಡಕ್ಕಿಂತ ಅವರಿಗೆ ಉರಿದದ್ದು ಅಂಥ ಕಾರನ್ನು ನಿಂತಿತ್ತು ಎಂದದ್ದು. ಆಕ್ಷೇಪಣೆಯ ನಮೂನೆಗೆ ಒಂದು ಪಾಸ್‌ಪೋರ್ಟ್ ಫೋಟೋ ಅಂಟಿಸಬೇಕಂತೆ. ಸ್ಟೂಲು ತೋರಿಸಿದೆ. ಕೂತರು. ಬಾಚಣಿಗೆ ಕೊಟ್ಟೆ, ಮೀಸೆಗೂ ಆಡಿಸಿಕೊಂಡರು.

‘ಗದ್ದ ಸ್ವಲ್ಪ ಕೆಳಗೆ. ಅಲುಗಾಡಬೇಡಿ’ ಎಂದೆ. ಅಲುಗಾಡಲಿಲ್ಲ.

ನಿನ್ನೆ ಇನ್ನಿಬ್ಬರು ಬಂದರು. ಒಬ್ಬರು ಎಂಬತ್ತು ಎಂದು ಬರೆದರು. ಅದನ್ನು ಓದಿದ ಇನ್ನೊಬ್ಬರು ಎಂಬತ್ತೆರಡು ಎಂದರು.

ಆದ್ದರಿಂದ ಈಗ ನನಗೆ ಬೇಕಾದದ್ದು ಉಲ್ಟಾ. ಕಾರು ಇನ್ನೂ ಗಟ್ಟಿಯಾಗಿ ನಿಲ್ಲಬೇಕು. ಬಂಡೆಯ ಹಾಗೆ ನಿಲ್ಲಬೇಕು. ಹೇಗೆ, ಬರೆ.

ಚಿಕ್ಕಮ್ಮ

---

ಮೇ ೧೧

ಪರಮಪೂಜ್ಯ ಚಿಕ್ಕಮ್ಮ,

ಓಡುವ ಕಾರು ಓಡುವಂತೆ ಕಾಣಲಿ ಎಂದು ಬಡಿದಾಡಿ ಸ್ಟುಡಿಯೋ ಬಿಟ್ಟವನು ನಾನು. ಈಗ ನನ್ನ ಕೈಯಿಂದಲೇ ಹೀಗೆ ಬರೆಸುತ್ತಿದ್ದೀಯ:

ನಾಲ್ಕು ಸಾವಿರದಲ್ಲಿ ಒಂದು ಭಾಗ. ಬಿಸಿಲಿರುವಾಗ ತೆಗೆ, ಬೆಳಕು ಸಾಲದಿದ್ದರೆ ಐಎಸ್ಒ ಏರಿಸು. ಕಾರು ಎದುರಿಗೆ ಬರುವಾಗ ಬೇಡ, ಪಟ್ಟೆಯ ನಡುವೆ, ನಂಬರ್ ಕಾಣುವಷ್ಟು ಓರೆಯಾಗಿ ಸಿಕ್ಕಾಗ ತೆಗೆ. ಹತ್ತು ಚಿತ್ರ ಬರುತ್ತವೆ. ಅದರಲ್ಲಿ ಓಡಿಸುವವನು ಆಕಳಿಸುತ್ತಿರುವುದನ್ನು ಆರಿಸಿಕೋ.

ಆಕಳಿಕೆಯ ಉಪಾಯ ನನ್ನದು. ಅದಕ್ಕೆ ಕೀರ್ತಿ ನನಗೇ ಬರಬೇಕು.

ನಿದ್ದೆರಾಯ

---

ಜೂನ್ ೨೭

ನಿದ್ದೆರಾಯನಿಗೆ,

ಎಂಜಿನಿಯರ್ ತಾನೇ ಬಂದಿದ್ದ. ಗಿರಾಕಿಗಳ ಬೆಂಚು ತುಂಬಿತ್ತು, ಸ್ಟೂಲಿನ ಮೇಲೆ ಕೂತ. ಪಾಪ, ಅಭ್ಯಾಸದಿಂದ ಗದ್ದ ಕೆಳಗೆ ಮಾಡಿದ.

‘ಅಮ್ಮಾ, ಪಾರ್ಕಿಂಗ್ ವಿಭಾಗದಲ್ಲಿ ಇರೋದು ಒಬ್ನೇ ಗುಮಾಸ್ತ. ಮೂವತ್ತನಾಲ್ಕು ಆಕ್ಷೇಪಣೆ ಬಂದಿದೆ. ರಜೆ ಹಾಕಿ ಹೋಗ್ಬಿಟ್ಟಿದಾನೆ.’

‘ಏನಂತ ಆಕ್ಷೇಪಣೆ?’

‘ಎಲ್ರೂ ಎಪ್ಪತ್ತರ ಮೇಲೆ ಓಡಿಸ್ತಿದ್ವಿ ಅಂತ ಸಹಿ ಹಾಕಿದಾರೆ.’

‘ನಿಮ್ಮ ಸಮೀಕ್ಷೇಲಿ ಇಪ್ಪತ್ತೆಂಟು ಇತ್ತಲ್ಲ.’

ಅವನು ಬಾಚಣಿಗೆಯ ದಾರವನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. ‘ಉಬ್ಬು ಹಾಕಿಸ್ತೀನಿ. ಪಟ್ಟೆಗೆ ಹೊಸ ಬಣ್ಣ. ಫೋಟೋ ಕಳಿಸೋದು ನಿಲ್ಲಿಸ್ಬೇಕು.’

‘ಆ ಸಾಲು?’

‘ಹಳೇ ವರದಿ ತಿದ್ದೋಕೆ ಬರಲ್ಲಮ್ಮ.’

‘ಹಾಗಾದ್ರೆ ನನಗೂ ನಿಲ್ಲಿಸೋಕೆ ಬರಲ್ಲಪ್ಪ.’

ಆದರೂ ಉಬ್ಬು ಬಂತು, ಬಣ್ಣವೂ ಬಂತು. ಕಾರುಗಳು ಈಗ ಬಗ್ಗಿ ನಡೆಯುತ್ತವೆ. ನಾನು ಬಾಗಿಲಲ್ಲಿ ನಿಂತು ಎರಡೂ ಕೈ ಬೀಸಿ ನಿಮ್ಮಮ್ಮನನ್ನು ಕರೆದೆ. ಅವಳು ಲೋಟ ಎತ್ತಿದಳು, ಕುಡಿದಳು, ಅಲ್ಲೇ ಕೂತಳು. ಭಯ ಇನ್ನೂ ಹೋಗಿಲ್ಲವೇನೋ. ನೀನಾದರೂ ಹೇಳು. ಉಬ್ಬಿನ ಮೇಲೆ ಈಗ ಇರುವೆಯೂ ದಾಟಬಹುದು.

ಚಿಕ್ಕಮ್ಮ

---

ಜುಲೈ ೯

ಮಗನಿಗೆ ಆಶೀರ್ವಾದ.

ರಸ್ತೆ ದಾಟು ಎಂದು ನೀನು ಫೋನಿನಲ್ಲಿ ಮುದ್ದು ಮಾಡುವುದು, ಅವಳು ಬಾಗಿಲಲ್ಲಿ ಕೈ ಬೀಸುವುದು ಎರಡನ್ನೂ ನಿಲ್ಲಿಸಿ. ಭಯ ಯಾರಿಗೆ? ನಾನು ಎರಡೂ ಕಡೆ ನೋಡಿ, ಎಣಿಸಿ, ಪಟ್ಟೆಯ ಮೇಲೆ ಕಾಲಿಟ್ಟವಳು. ನಾನು ಅಜಾಗರೂಕಳು ಎಂದು ಬರೆದಿಟ್ಟಿದ್ದಾರೆ. ಆ ಸಾಲು ಇರುವ ತನಕ ಅವರ ರಸ್ತೆಗೆ ನಾನು ಕಾಲಿಡುವುದಿಲ್ಲ. ಉಬ್ಬು ಅವರೇ ಹತ್ತಿ ಇಳಿಯಲಿ.

ಇದನ್ನು ನಿನ್ನ ಚಿಕ್ಕಮ್ಮನಿಗೆ ತಿಳಿಸು. ಕಿಟಕಿಯಿಂದ ಕೈಸನ್ನೆಯಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ. ಅವಳ ಲೈಟು ಈಗಲೂ ಸರಿಯಿಲ್ಲ, ಅದನ್ನೂ ತಿಳಿಸು.

ಅಮ್ಮ

---

ಆಗಸ್ಟ್ ೩೦

ನಿದ್ದೆರಾಯನಿಗೆ,

ನಿಮ್ಮಮ್ಮನ ಕಾಗದ ನೀನು ಕಳಿಸಿದ ಮೇಲೆ ನನಗೆ ನಾಚಿಕೆಯಾಯಿತು. ಎಂಟು ತಿಂಗಳು ಅವಳನ್ನು ಹೆದರಿದವಳು ಎಂದುಕೊಂಡು ನಾನು ಧೈರ್ಯ ತೋರಿಸುತ್ತಿದ್ದೆ.

ಕ್ಯಾಮೆರಾವನ್ನು ಮುಂದಿನ ತಿರುವಿಗೆ ಒಯ್ದೆ. ಅಲ್ಲಿ ಉಬ್ಬಿಲ್ಲ, ಪಟ್ಟೆಯಿದೆ. ದಿನಕ್ಕೆ ಆರು ಫೋಟೋ, ಕೆಳಗೆ ಅದೇ ಸಾಲು: ‘ವಾಹನ ಇಲ್ಲಿತ್ತು.’ ನಾಲ್ವರು ಆಕಳಿಸಿದ್ದಾರೆ, ಕೀರ್ತಿ ನಿನ್ನದು. ರಜೆಯಿಂದ ಬಂದ ಗುಮಾಸ್ತ ಮತ್ತೆ ರಜೆ ಹಾಕಿದ ದಿನ ಎಂಜಿನಿಯರ್ ಫೈಲು ಹಿಡಿದುಕೊಂಡು ಬಂದ. ನನಗೆ ತೋರಿಸಲು ಬಂದ. ‘ನನಗಲ್ಲ, ಎದುರುಮನೆಗೆ’ ಎಂದೆ. ಎರಡು ಮಹಡಿ ಹತ್ತಿದ.

ನಿಮ್ಮಮ್ಮ ಕನ್ನಡಕ ಹಾಕಿಕೊಂಡು ಓದಿದಳಂತೆ. ಆ ಸಾಲಿನ ಮೇಲೆ ಕೆಂಪು ಗೀಟು ಹೊಡೆದಿದ್ದ.

‘ಗೀಟು ಹೊಡೆದ್ರೆ ಸಾಲದು. ಮತ್ತೆ ಕಾರಣ ಏನು ಅಂತ ಬರೀರಿ.’

‘ವಾಹನದ ಅತಿವೇಗ’ ಎಂದು ಬರೆದ.

‘ಸಹಿ. ತಾರೀಖು.’

ಹಾಕಿದ. ‘ಟೀ ಕುಡೀತೀರಾ?’ ಎಂದಳಂತೆ. ಬೇಡ ಎಂದನಂತೆ. ‘ಒಳ್ಳೇದಾಯ್ತು, ನಾನೂ ಇಲ್ಲಿ ಕುಡಿಯಲ್ಲ’ ಎಂದು ಊರುಗೋಲು ತೆಗೆದುಕೊಂಡಳು.

ನಾಲ್ಕು ಗಂಟೆಗೆ ಗೇಟು ತೆರೆಯಿತು. ನಾನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಕಾದಿದ್ದೆ. ಪಟ್ಟೆಯ ಮೇಲೆ ಕಾಲಿಡುವ ಮೊದಲು ಅವಳು ಎರಡೂ ಕಡೆ ನೋಡಿದಳು, ತುಟಿ ಆಡಿಸಿ ಎಣಿಸಿದಳು. ಆ ಕಡೆ ಮೂರು ಕಾರು, ಈ ಕಡೆ ಎರಡು. ಎಲ್ಲವೂ ನಿಂತಿದ್ದವು, ನಿಜವಾಗಿಯೂ ನಿಂತಿದ್ದವು. ನಾನು ಶಟರನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿ ಗುಂಡಿ ಒತ್ತಿದೆ.

ಫೋಟೋ ಇದರೊಳಗಿದೆ. ಐದು ಕಾರಿನ ನಂಬರೂ ಓದಬಹುದು. ಗೇಟಿನ ತುಕ್ಕೂ ಇದೆ. ನಿಮ್ಮಮ್ಮ ಮಾತ್ರ ಮಸುಕು. ಊರುಗೋಲು ಒಂದು ಗೀರು, ಮುಖವೇ ಇಲ್ಲ. ಇಡೀ ರಸ್ತೆಯಲ್ಲಿ ಚಲಿಸುತ್ತಿದ್ದವಳು ಅವಳೊಬ್ಬಳೇ.

ಅದಕ್ಕೆ ಕಟ್ಟು ಹಾಕಿಸಿ ಸ್ಟುಡಿಯೋದ ಮುಂದಿನ ಗಾಜಿನಲ್ಲಿ ತೂಗುಹಾಕಿದ್ದೇನೆ. ನಿನ್ನೆ ಒಬ್ಬ ಗಿರಾಕಿ ‘ಇದು ಅಲುಗಿದೆಯಲ್ಲ’ ಎಂದ. ‘ಹೌದು, ಅದಕ್ಕೇ ಅಲ್ಲಿರೋದು’ ಎಂದೆ. ಟೀ ಕುಡಿಯುತ್ತಿದ್ದ ನಿಮ್ಮಮ್ಮ, ‘ಲೈಟು ಸರಿಯಿಲ್ಲ’ ಎಂದಳು. ನಿನ್ನನ್ನು ಈಗ ಕರೆಯುತ್ತಿದ್ದಾಳೆ, ಬಾ.

ಅದರ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದಿದ್ದೇನೆ. ಬರುವಾಗ ಆ ಕೆಂಪು ಕಾರಿನ ಫೋಟೋ ಇನ್ನೊಂದು ಪ್ರತಿ ಇದ್ದರೆ ತಾ. ನಾನು ಎತ್ತಿಟ್ಟಿದ್ದ ನಾಲ್ಕು ತುಂಡುಗಳಲ್ಲಿ ಒಂದು ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಇತಿ,
ನಿನ್ನ ಚಿಕ್ಕಮ್ಮ